ಕಿವಿಗೆ ಹೋದ ಕೈ

ಮೂರು ವರ್ಷ ನಾನು ಹಾಡದೆಯೇ ಗಾಯಕಿ ಎನ್ನಿಸಿಕೊಂಡಿದ್ದೆ. ಹೈದರಾಬಾದಿನಲ್ಲಿ ಆಗ ವಾರಕ್ಕೊಂದು ಸಾಫ್ಟ್‌ವೇರ್ ಕಂಪನಿ ಬಾಗಿಲು ತೆರೆಯುತ್ತಿತ್ತು. ಬಾಗಿಲು ತೆರೆದ ಪ್ರತಿ ಕಂಪನಿಗೂ ಒಂದು ವಾರ್ಷಿಕೋತ್ಸವ ಬೇಕು, ವಾರ್ಷಿಕೋತ್ಸವಕ್ಕೆ ಒಬ್ಬ ಪಾಪ್ ಗಾಯಕಿ ಬೇಕು. ನಾನಿದ್ದೆ. ಬೆಳ್ಳಿ ಬಣ್ಣದ ಜಾಕೆಟ್ಟು, ಮೊಣಕಾಲಿನವರೆಗೆ ಬೂಟು, ಕೈಯಲ್ಲಿ ತಂತಿಯಿಲ್ಲದ ಮೈಕು. ಆ ಮೈಕು ಹೆಚ್ಚಿನ ಹೊತ್ತು ಆಫ್ ಆಗಿಯೇ ಇರುತ್ತಿತ್ತು.

ನನಗೆ ಹೆಸರು ತಂದದ್ದು ಒಂದೇ ಒಂದು ಹಾಡು, ಅದೂ ನನ್ನದಲ್ಲ. ಅವ್ವ ಹುಡುಗಿಯಾಗಿದ್ದಾಗ ಬಾಗಲಕೋಟೆಯ ಕಡೆ ನಾಟಕ ಕಂಪನಿಯ ಟೆಂಟಿನಲ್ಲಿ ಕೇಳಿ ಕಲಿತದ್ದು. ‘ದೀಪಾ ಹಚ್ಚಿ ಕುಂತೀನಿ, ಎಣ್ಣಿ ತೀರೂದ್ರಾಗ ಬಾರೋ’ ಎಂದು ರೊಟ್ಟಿ ಬಡಿಯುವಾಗ ಗುನುಗುತ್ತಿದ್ದಳು. ನಾನು ಅದನ್ನು ಅಮೀರ್‌ಪೇಟಿನ ಒಂದು ಸ್ಟುಡಿಯೋಗೆ ಒಯ್ದು ಡ್ರಮ್ ಮಷೀನಿನ ಮುಂದೆ ನಿಲ್ಲಿಸಿದೆ. ಮೊದಲ ಎರಡು ಸಾಲು ಮಾತ್ರ ಕನ್ನಡ, ಉಳಿದದ್ದೆಲ್ಲ ಹಿಂದಿ. ಆ ಕಟ್ಟಡದ ತುಂಬ ಕಂಪ್ಯೂಟರ್ ಕೋಚಿಂಗ್ ಸೆಂಟರುಗಳು. ಮೆಟ್ಟಿಲ ಮೇಲೆ ನೋಟ್ಸು ಹಿಡಿದು ಕೂತ ಹುಡುಗರೇ ನನ್ನ ಮೊದಲ ಕೇಳುಗರು. ಅರ್ಥ ಗೊತ್ತಿಲ್ಲದೆ ‘ಕುಂತೀನಿ ಕುಂತೀನಿ’ ಎಂದು ಕುಣಿದರು. ಕುಂತೀನಿ ಅಂದ್ರ ಎದ್ದ ಕುಣೀತಾವಲ್ಲ ಈ ಹುಡುಗ್ರು ಎಂದು ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಮರುವರ್ಷ ಗಂಟಲಲ್ಲಿ ಗಂಟು ಬಂತು. ಆರು ತಿಂಗಳು ಹಾಡಬಾರದು, ಮಾತೂ ಕಡಿಮೆ ಇರಲಿ ಎಂದರು ಡಾಕ್ಟರು. ನಾನು ಆರು ವಾರವೂ ಸುಮ್ಮನಿರಲಿಲ್ಲ. ಹೆಸರು ಬಂದ ಹೊಸದು. ಒಂದು ಸೀಸನ್ ಕಾಣದಿದ್ದರೆ ಜನ ಮರೆಯುತ್ತಾರೆ ಎಂಬ ಹೆದರಿಕೆ. ಗಂಟು ಕರಗಿತು, ಆದರೆ ದನಿಯ ಮೇಲ್ಭಾಗವನ್ನು ತನ್ನೊಂದಿಗೇ ಒಯ್ದಿತು. ಮೇಲಿನ ಸ್ವರಕ್ಕೆ ಕೈ ಹಾಕಿದರೆ ಬರೀ ಗಾಳಿ ಬರುತ್ತಿತ್ತು.

ಉಪಾಯ ಹೇಳಿಕೊಟ್ಟವನು ಆ ಹಾಡನ್ನು ರೆಕಾರ್ಡ್ ಮಾಡಿದ ಸೌಂಡಿನವನು. ಅಪ್ಪಟ ಹೈದರಾಬಾದಿ, ನನಗಿಂತ ನಾಲ್ಕು ವರ್ಷ ದೊಡ್ಡವನು, ನಿಯತ್ತಿನ ಮನುಷ್ಯ. ಸಿಡಿ ಓಡುತ್ತಿರುತ್ತದೆ; ಅದರೊಳಗಿನ ನನ್ನ ಹಳೆಯ ದನಿಯನ್ನು ಮಾತ್ರ ಅವನು ಮುಚ್ಚಿಟ್ಟಿರುತ್ತಾನೆ. ಕೆಳಗಿನ ಸಾಲುಗಳನ್ನು ನಾನೇ ಹಾಡುವುದು. ಮೇಲಕ್ಕೆ ಹೋಗುವ ಮುಂಚೆ ಬಲಗಿವಿಗೆ ಕೈ ಒತ್ತಿಕೊಳ್ಳುವುದು. ಅವನು ಮೈಕು ಮುಚ್ಚಿ ಹಳೆಯ ದನಿಯನ್ನು ತೆರೆಯುತ್ತಾನೆ. ಕೈ ಇಳಿಸಿದರೆ ಮತ್ತೆ ನಾನು. ದೊಡ್ಡ ದೊಡ್ಡ ಗಾಯಕರೇ ಕಿವಿಗೆ ಕೈ ಕೊಟ್ಟು ಹಾಡುತ್ತಾರೆ, ಯಾರಿಗೆ ಅನುಮಾನ ಬಂದೀತು? “ಟೆನ್ಷನ್ ನಕ್ಕೋ ಲೇವ್ ಮೇಡಮ್. ಆಪ್ ಕಾನ್ ಪಕಡೋ, ಮೈ ಬಟನ್ ಪಕಡ್ತೂಂ” ಎಂದ. ನಾನು ಕಿವಿ ಹಿಡಿದೆ, ಅವನು ಬಟನ್ ಹಿಡಿದ. ಮೊದಮೊದಲು ಎರಡು ಸಾಲಿಗೆ, ಆಮೇಲೆ ಅರ್ಧ ಹಾಡಿಗೆ, ವರ್ಷ ಕಳೆಯುವುದರೊಳಗೆ ಪೂರ್ತಿ ಹಾಡಿಗೆ.

ತಾರ್ನಾಕದ ನಮ್ಮ ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಶುಕ್ರವಾರ ಸಂಜೆ ದೇವರ ಮುಂದೆ ಅವ್ವ ಆರತಿ ಹಾಡುತ್ತಿದ್ದಳು. ಮೊದಲೆಲ್ಲ ಇಬ್ಬರೂ ಹಾಡುತ್ತಿದ್ದೆವು. ಈಗ ನಾನು ಗಂಟೆ ಜೋರಾಗಿ ಬಾರಿಸುತ್ತ ಬಾಯಿ ಆಡಿಸುತ್ತಿದ್ದೆ. ನನ್ನ ಹಾಡು ಟಿವಿಯಲ್ಲಿ ಬಂದರೆ ಅವ್ವ ಪಕ್ಕದ ಮನೆಯವರನ್ನೆಲ್ಲ ಕರೆದು ಕೂರಿಸುತ್ತಿದ್ದಳು. ಅವಳ ಮುಂದೆ ಸಿಕ್ಕಿಬೀಳುವುದನ್ನು ಮಾತ್ರ ನನಗೆ ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಹೀಗೆ ನಡೆಯುತ್ತಿದ್ದಾಗ ಒಂದು ವಾರ್ಷಿಕೋತ್ಸವದ ಕೊನೆಯಲ್ಲಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಹುಡುಗಿ ಹೂಗುಚ್ಛ ಕೊಡುತ್ತ ಹೇಳಿದಳು: “ಮೇಡಮ್, ಮುಂದಿನ ವರ್ಷ ನಿಮಗೆ ಪುರಸೊತ್ತಿಲ್ಲದಿದ್ದರೆ ಸಿಡಿ ಕಳಿಸಿದರೂ ನಡೆಯುತ್ತೆ. ನಮ್ಮ ಟೀಮಿನಲ್ಲೇ ಒಬ್ಬಳು ನಿಮ್ಮ ಹಾಗೇ ಡ್ಯಾನ್ಸ್ ಮಾಡುತ್ತಾಳೆ.” ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಅದಕ್ಕೇ ಚುಚ್ಚಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ತಾನಾಗಿ ಕಿವಿಗೆ ಹೋಗಿತ್ತು. ಹೂಗುಚ್ಛವನ್ನು ಆಟೋದಲ್ಲೇ ಬಿಟ್ಟು ಬಂದೆ.

ನನಗೆ ಸಿಟ್ಟು ಬಂದಾಗ ಬುದ್ಧಿ ಹಿಂದೆ ಉಳಿದು ಬಾಯಿ ಮುಂದೆ ಹೋಗುತ್ತದೆ. ಅದೇ ವಾರ ಹಿಮಾಯತ್‌ನಗರದಿಂದ ಸಾಹೇಬರು ಬಂದರು. ನೀರಾವರಿ ಇಲಾಖೆಯಿಂದ ನಿವೃತ್ತರಾದವರು, ರಾಯಚೂರಿನ ಕಡೆಯವರು. ಹೈದರಾಬಾದಿನ ಕನ್ನಡದವರನ್ನು ಕೂಡಿಸಿಕೊಂಡು ವರ್ಷಕ್ಕೊಂದು ನಾಟಕ ಆಡಿಸುತ್ತಿದ್ದರು. ಈ ಸಲ ಹಳೆಯ ಕಂಪನಿ ಮಾದರಿಯ ಹಾಡಿನ ನಾಟಕ. ದಂಡಿಗೆ ಹೋದ ಗಂಡನಿಗಾಗಿ ಕಾಯುವ ಹೆಂಗಸಿನ ಕಥೆ, ಅದರ ಕಡೆಯ ಹಾಡು ನನ್ನ ಆ ‘ದೀಪಾ ಹಚ್ಚಿ’.

“ನಿಮ್ಮ ಹೆಸರು ಹಾಕಿದ್ರ ಹಾಲ್ ತುಂಬತೈತ್ರಿ ಮೇಡಮ್ಮರ. ಆದ್ರ ಒಂದ್ ಮಾತು, ಸಿಡಿ ಗಿಡಿ ಇಲ್ಲ. ಪೇಟಿ ಮಾಸ್ತರ್ ಬಾರಸ್ತಾರ, ನೀವು ಹಾಡಬೇಕು” ಎಂದರು.

“ಹಾಡ್ತೀನ್ರಿ” ಎಂದೆ. ಒಳಗಿನಿಂದ ಅವ್ವ ಚಹಾ ತಂದವಳು, ನನ್ನ ಮುಖ ನೋಡುತ್ತ ಸಾಹೇಬರ ಕಪ್ಪನ್ನು ನನ್ನ ಕೈಗೆ ಕೊಟ್ಟಳು.

ಸಿಟ್ಟು ಮರುದಿನ ಬೆಳಿಗ್ಗೆಗೆ ಇಳಿಯಿತು, ಒಪ್ಪಿಕೊಂಡದ್ದು ಹಾಗೇ ಉಳಿಯಿತು. ಪಾಪ್ ಗಾಯಕಿ ರಂಗಭೂಮಿಗೆ ಎಂದು ಪತ್ರಿಕೆಯಲ್ಲಿ ಫೋಟೋ ಸಮೇತ ಬಂತು. ಲೆಕ್ಕ ಸರಳವಾಗಿತ್ತು. ಅಲ್ಲಿ ನಿಂತು ಹಾಡಲಾಗದಿದ್ದರೆ, ಮೂರು ವರ್ಷ ಹಾಡಿದ್ದು ಯಾರು ಎಂದು ಊರೆಲ್ಲ ಕೇಳುತ್ತದೆ. ಅವ್ವನೂ ಕೇಳುತ್ತಾಳೆ.

ಪೇಟಿ ಮಾಸ್ತರರು ಹಿಮಾಯತ್‌ನಗರದ ಒಂದು ಹಳೆಯ ಮನೆಯ ಮಾಳಿಗೆಯಲ್ಲಿ ಮಗಳ ಜೊತೆ ಇದ್ದರು. ನಲವತ್ತು ವರ್ಷ ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸಿದವರು. ಕಾಲಿನಿಂದ ಗಾಳಿ ಒತ್ತುವ ದೊಡ್ಡ ಪೇಟಿ, ಅದರ ಮೇಲೆ ಹಾಸಿದ ಕಸೂತಿಯ ಬಟ್ಟೆ. ಬಟ್ಟೆ ತೆಗೆದು ಮಡಿಸಿಟ್ಟು ಕೇಳಿದರು: “ಯಾವ ಪಟ್ಟಿಯೊಳಗ ಹಾಡ್ತಿ ತಂಗಿ?”

“ಕರೀ ಐದು” ಎಂದೆ. ಹಾರ್ಮೋನಿಯಂನ ಐದನೆಯ ಕಪ್ಪು ಪಟ್ಟಿ. ಆ ಹಾಡನ್ನು ರೆಕಾರ್ಡ್ ಮಾಡಿದ್ದು ಅಲ್ಲಿಂದಲೇ.

ಅವರು ಸ್ವರ ಹಿಡಿದರು. ನಾನು ಬಾಯಿ ತೆರೆದೆ. ಎರಡನೆಯ ಸಾಲಿಗೆ ದನಿ ಹರಿದ ಬಟ್ಟೆಯಂತೆ ಚರ್ರೆಂದಿತು.

“ನೆಗಡಿ ಆಗೇತ್ರಿ” ಎಂದೆ. ಆಗಲಿ ಎಂದು ಬಟ್ಟೆ ಮುಚ್ಚಿದರು. ನನ್ನ ನೆಗಡಿ ಹತ್ತು ದಿನ ನಡೆಯಿತು. ಕರವಸ್ತ್ರ ಹಿಡಿದು ಹೋಗುವುದು, ಮಾತಿನ ಭಾಗವನ್ನಷ್ಟೇ ಓದುವುದು, ಮನೆಗೆ ಬರುವುದು. ಹನ್ನೊಂದನೆಯ ದಿನ ಮಾಸ್ತರರು ಬಟ್ಟೆ ತೆಗೆಯಲಿಲ್ಲ.

“ನಿನ್ನ ಸ್ಟೇಜ್ ಶೋದ ವಿಸಿಡಿ ನೋಡಿದ್ನಿ. ನನ್ನ ಮಗಳು ತಂದಿದ್ಲು. ಚಂದ ಕುಣೀತಿ” ಎಂದರು.

ನಾನು ನಕ್ಕೆ. ಅವರು ನಗಲಿಲ್ಲ.

“ಹಾಡಾವ್ರು ಸಾಲಿಗೆ ಮುಂಚೆ ಉಸರ ತಗೊಂತಾರ. ನೀ ತಗೊಳ್ಳೂದಿಲ್ಲ. ಒಂದ ಸಲಾನೂ ತಗೊಳ್ಳಿಲ್ಲ. ಸೀದಾ ಬಾಯಿ ತಗೀತಿ, ಹಾಡ ಬರ್ತೈತಿ.”

ಸಾವಿರಾರು ಜನ ನೋಡಿದ್ದರು, ಯಾರಿಗೂ ಗೊತ್ತಾಗಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಿತ್ತು. ಈ ಮುದುಕರು ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಎದ್ದು ಹೋಗಿಬಿಡೋಣ ಎನಿಸಿತು. ಕರವಸ್ತ್ರವನ್ನು ಮಡಿಸುತ್ತ ಬಿಚ್ಚುತ್ತ ಕೂತೆ.

“ನಾ ಯಾರ ಮುಂದೂ ಹೇಳಾಂವಲ್ಲ” ಎಂದರು ಮಾಸ್ತರರು. “ಕಂಪನಿಯೊಳಗ ಇಂಥಾವು ಭಾಳ ನೋಡೀನಿ. ಪರದೆ ಹಿಂದ ಒಬ್ಬಾಕಿ ಹಾಡೂದು, ಮುಂದ ಒಬ್ಬಾಕಿ ಬಾಯಿ ಆಡ್ಸೂದು. ಹೊಟ್ಟಿಪಾಡು, ತಪ್ಪನ್ನಂಗಿಲ್ಲ. ಆದ್ರ ನನ್ನ ಪೇಟಿ ಮುಂದ ಬ್ಯಾಡ.”

ಆಮೇಲೆ ಬಟ್ಟೆ ತೆಗೆದರು. ಕರೀ ಐದರಿಂದ ಒಂದೊಂದೇ ಪಟ್ಟಿ ಕೆಳಗಿಳಿಯುತ್ತ ಬಂದರು. ಪ್ರತಿ ಪಟ್ಟಿಗೂ ಎರಡೂ ಸಾಲು ಹಾಡಿಸಿದರು. ಐದು ಪಟ್ಟಿ ಇಳಿದು ನಾಲ್ಕನೆಯ ಬಿಳಿ ಪಟ್ಟಿಗೆ ಬಂದಾಗ ದನಿ ಒಡೆಯದೆ ನಿಂತಿತು. ದಪ್ಪ ದನಿ, ತುಸು ಒರಟು. ನನ್ನದು ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು.

“ಬಿಳೀ ನಾಕು. ಇದ ನಿನ್ನ ಮನಿ, ಇಲ್ಲೇ ಇರು.”

“ಗಂಡಸರ ದನಿ ಇದ್ದಂಗ ಐತಲ್ರಿ ಮಾಸ್ತರ್ರ.”

“ಗಂಡನ ಹಾದಿ ಕಾದು ಕಾದು ಎಣ್ಣಿ ತೀರಾಕತ್ತೈತಿ ಆಕಿಗೆ. ಆಕಿ ದನಿ ಸಣ್ಣಗ ಯಾಕ ಇರಬೇಕು?”

ಅಂದಿನಿಂದ ದಿನಾ ಬೆಳಿಗ್ಗೆ ಏಳಕ್ಕೆ ತಾರ್ನಾಕದಿಂದ ಬಸ್ಸು ಹಿಡಿದು ಹೋದೆ. ಮೊದಲ ವಾರ ಬರೀ ಉಸಿರು. ಚಿಕ್ಕ ಮಕ್ಕಳಿಗೆ ನಡೆಯಲು ಕಲಿಸಿದ ಹಾಗೆ ನನಗೆ ಉಸಿರಾಡಲು ಕಲಿಸಿದರು. ಸ್ವರ ಜಾರಿದಾಗಲೆಲ್ಲ ಪೇಟಿ ನಿಲ್ಲಿಸಿ, “ಕಿವಿ ಮ್ಯಾಲೆ ಕೈ ಇಟ್ಕೋ. ಇಡೀ ಹಾಲ್ ಕೇಳ್ತೈತಿ, ಪೇಟಿ ಕೇಳ್ತೈತಿ, ನಿನ್ನ ದನಿ ನಿನಗ ಕೇಳಬೇಕಲ್ಲ?” ಎನ್ನುತ್ತಿದ್ದರು. ಬಲಗೈ ಬಟ್ಟಲು ಮಾಡಿ ಬಲಗಿವಿಗೆ ಒತ್ತಿಕೊಂಡರೆ, ಎಲ್ಲ ಗದ್ದಲ ಆಚೆ ಹೋಗಿ ಒಳಗೆ ಒಂದು ದಪ್ಪ ದನಿ ಕೇಳುತ್ತಿತ್ತು. ಎರಡು ತಿಂಗಳಲ್ಲಿ ಅದು ಎಷ್ಟು ರೂಢಿಯಾಯಿತೆಂದರೆ, ಸ್ವರ ಏರುವ ಕಡೆ ಬಂದೊಡನೆ ಕೈ ತಾನೇ ಹೋಗುತ್ತಿತ್ತು.

ಅದೇ ಕೈ, ಅದೇ ಕಿವಿ ಎನ್ನುವುದು ಆಗಲೇ ನನಗೆ ಹೊಳೆಯಬೇಕಿತ್ತು ಎಂದು ಈಗ ಯಾರಾದರೂ ಹೇಳಬಹುದು. ಹೊಳೆಯಲಿಲ್ಲ. ಆ ಮಾಳಿಗೆಯ ಕೋಣೆಯಲ್ಲಿ ಹಾಡುತ್ತಿದ್ದವಳಿಗೂ ಬೆಳ್ಳಿ ಜಾಕೆಟ್ಟಿನವಳಿಗೂ ನನ್ನ ಮಟ್ಟಿಗೆ ಸಂಬಂಧವೇ ಇರಲಿಲ್ಲ.

ಪ್ರಯೋಗಕ್ಕೆ ಒಂದು ವಾರವಿರುವಾಗ ಹಾಲ್‌ನಲ್ಲಿ ತಾಲೀಮು ಮಾಡಿದೆವು. ವೇದಿಕೆಯ ಮೇಲೆ ಎರಡು ಮೈಕು ತೂಗುಬಿಟ್ಟಿದ್ದರು, ಕೈಯಲ್ಲಿ ಏನೂ ಇಲ್ಲ. ಮೈಕು ಹಿಡಿದು ರೂಢಿಯಾದ ಬೆರಳುಗಳು ಖಾಲಿ ಗಾಳಿಯನ್ನೇ ಹಿಡಿದುಕೊಂಡು ನಿಂತವು. ಕಡೆಯ ಹಾಡು ಮುಗಿದಾಗ ಹಿಂದಿನ ಸಾಲಿನಿಂದ ಸಾಹೇಬರು ಎದ್ದು ನಿಂತು ಕೂಗಿದರು: “ದನಿ ಇಲ್ಲಿಗೆ ಬರವಲ್ದ್ರಿ!”

ಮಾಸ್ತರರು ಚಹಾಕ್ಕೆ ಹೋದಾಗ ಸಾಹೇಬರು ನನ್ನನ್ನು ಬದಿಗೆ ಕರೆದರು. ದನಿ ಯಾಕೆ ಇಷ್ಟು ಇಳಿದಿದೆ ಎಂದು ಕೇಳಿದರು. ನಾಟಕಕ್ಕಾಗಿ ಬೇಕೆಂದೇ ಇಳಿಸಿದ್ದು ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತ, “ನೋಡ್ರಿ, ಅರ್ಧ ಹಾಲ್ ಸಾಫ್ಟ್‌ವೇರ್ ಹುಡುಗ್ರ ಬರ್ತಾರ. ಅವ್ರು ಬರೂದು ಆ ಕ್ಯಾಸೆಟ್ಟಿನ ದನಿ ಕೇಳಾಕ. ಕಡೇ ಹಾಡಿಗಾದ್ರೂ ಆ ದನಿ ತರ್ರಿ. ಇಲ್ಲಂದ್ರ ಮುಂದಿನ ಪ್ರಯೋಗಕ್ಕ ನಾ ಬ್ಯಾರೇ ವಿಚಾರ ಮಾಡಬೇಕಾಗ್ತದ” ಎಂದರು.

ಸಿಡಿ ಬೇಡ ಎಂದವರು ಅವರೇ, ಮತ್ತೆ ಸಿಡಿ ತನ್ನಿ ಎಂದು ಅವರು ಹೇಳಲೂ ಇಲ್ಲ. ಅವರ ಮೇಲೆ ತಪ್ಪು ಹೊರಿಸಲಾರೆ. ಅಮೀರ್‌ಪೇಟಿಗೆ ಹೋದವಳು ನಾನು. ರೆಕಾರ್ಡಿಂಗಿನ ದಿನ ಡ್ರಮ್ಮು ಸೇರಿಸುವ ಮೊದಲು ಬರೀ ದನಿಯಲ್ಲಿ, ಪೂರ್ತಿ ಕನ್ನಡದಲ್ಲೇ ಹಾಡಿದ ಒಂದು ಪ್ರತಿ ಸೌಂಡಿನವನ ಹತ್ತಿರ ಇತ್ತು. ಅದನ್ನು ಸಿಡಿಗೆ ಹಾಕಿಕೋ, ಪ್ರಯೋಗದ ದಿನ ಹಾಲ್‌ನ ಸೌಂಡು ನೀನೇ ನೋಡಿಕೋ ಎಂದೆ. ಬಳಸುವುದಿಲ್ಲ, ಸುಮ್ಮನೆ ಇರಲಿ. ಬಾವಿಗಿಳಿಯುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವುದಿಲ್ಲವೇ? ಅದು ಕರೀ ಐದರಲ್ಲಿದೆ, ಪೇಟಿ ಬಿಳೀ ನಾಕರಲ್ಲಿ ಎನ್ನುವುದು ಗೊತ್ತಿತ್ತು. ನಲವತ್ತು ವರ್ಷ ನುಡಿಸಿದವರು, ಗಳಿಗೆಯಲ್ಲಿ ಪಟ್ಟಿ ಬದಲಿಸಿ ಸಂಭಾಳಿಸುತ್ತಾರೆ ಎಂದುಕೊಂಡೆ. ಅವರು ಕಲಿಸಿದ್ದರ ಮೇಲೆ ನನಗೆ ನಂಬಿಕೆ ಇರಲಿಲ್ಲ, ಅವರ ಕೈಚಳಕದ ಮೇಲೆ ಇತ್ತು.

“ಇಶಾರಾ?” ಎಂದ ಸೌಂಡಿನವನು.

“ಹಳೇದೇ, ಕಡೇ ಹಾಡಿಗೆ ಮಾತ್ರ” ಎಂದೆ. ಅವನು ನಕ್ಕು ತನ್ನ ಕಿವಿ ಮುಟ್ಟಿ ತೋರಿಸಿದ.

ಪ್ರಯೋಗ ಭಾನುವಾರ ಸಂಜೆ. ಪರದೆಯ ಸಂದಿಯಿಂದ ನೋಡಿದೆ. ಮುಂದಿನ ಸಾಲಿನಲ್ಲಿ ಹಸಿರು ಇಳಕಲ್ ಸೀರೆ ಉಟ್ಟು ಅವ್ವ, ಅಕ್ಕಪಕ್ಕದಲ್ಲಿ ತಾರ್ನಾಕದ ನೆರೆಯವರು. ಮಧ್ಯದ ಸಾಲುಗಳ ತುಂಬ ಹುಡುಗ ಹುಡುಗಿಯರು, ಕೆಲವರ ಕೊರಳಲ್ಲಿ ಭಾನುವಾರವೂ ಗುರುತಿನ ಚೀಟಿ. ಗೋಡೆಗೆ ಒರಗಿ ನಿಂತವರು ಕಲಬುರಗಿ, ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಕನ್ನಡ ನಾಟಕವೆಂದು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ಎಲ್ಲರಿಗಿಂತ ಹಿಂದೆ, ಮೇಜಿನ ಮುಂದೆ, ಸೌಂಡಿನವನು.

ಕಾಯಿ ಒಡೆದು, ಪೇಟಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ನಾಟಕ ಕಂಪನಿಯ ರಿವಾಜು. ನಾನು ಮುಟ್ಟಿ ಏಳುವಾಗ ಮಾಸ್ತರರು ಪರದೆಯ ಸಂದಿಯಲ್ಲಿ ಕಾಣುತ್ತಿದ್ದ ಹಿಂದಿನ ಮೇಜಿನ ಕಡೆ ಗದ್ದ ಎತ್ತಿ ಕೇಳಿದರು: “ಅಂವ ಯಾರು?”

“ಮೈಕ್ ನೋಡ್ಕೊಳ್ಳಾಂವ್ರಿ.”

ಪೇಟಿಯ ಮೇಲಿನ ಅರಿಶಿನ ನನ್ನ ಬೆರಳಿಗೆ ಇನ್ನೂ ಹತ್ತಿತ್ತು.

ಮೊದಲ ಅಂಕ ಹೇಗೋ ದಾಟಿತು. ಒಂದು ಹಾಡಿಗೆ ಚಪ್ಪಾಳೆ ಬಿದ್ದಾಗ ನಾನು ರೂಢಿಯ ಪ್ರಕಾರ ಜನರತ್ತ ಕೈ ಬೀಸಿಬಿಟ್ಟೆ. ಗಂಡನನ್ನು ದಂಡಿಗೆ ಕಳಿಸಿ ಅಳಬೇಕಾದ ಹೆಂಗಸು ಬಾಗಿಲಲ್ಲಿ ನಿಂತು ಟಾಟಾ ಮಾಡಿದಂತಾಯಿತು. ಹಾಲ್ ನಕ್ಕಿತು, ಮಾಸ್ತರರು ಪೇಟಿಯ ಮೇಲೆ ತಲೆ ಬಗ್ಗಿಸಿದರು. ಎರಡನೆಯ ಅಂಕ ಶುರುವಾಯಿತು. ಪ್ರತಿ ಹಾಡಿಗೂ ಆ ಹುಡುಗರು ಒಬ್ಬರ ಮುಖ ಒಬ್ಬರು ನೋಡುವುದು ಕಾಣುತ್ತಿತ್ತು. ಇದು ಅವಳ ದನಿಯೇ ಎಂದು ಕೇಳುತ್ತಿದ್ದಾರೆ ಎನಿಸುತ್ತಿತ್ತು. ಕೊನೆಯ ದೃಶ್ಯಕ್ಕೆ ಪರದೆ ಏಳುವ ಮುಂಚೆಯೇ ಯಾರೋ “ಕುಂತೀನಿ ಕುಂತೀನಿ” ಎಂದು ಕೂಗತೊಡಗಿದರು.

ಮಣೆಯ ಮೇಲೆ ಕೂತಿದ್ದೆ, ಮುಂದೆ ಒಂದು ದೀಪ. ಮಾಸ್ತರರು ಬಿಳೀ ನಾಕು ಹಿಡಿದರು. ಉಸಿರು ತೆಗೆದುಕೊಂಡು ಮೊದಲ ಸಾಲು ಹಾಡಿದೆ. ಕೂಗು ನಿಂತಿತು. ದನಿ ಗೋಡೆಯ ತನಕ ಹೋದದ್ದು ನನಗೇ ಗೊತ್ತಾಯಿತು, ಏಕೆಂದರೆ ಅಲ್ಲಿ ನಿಂತವನೊಬ್ಬ ಹೆಗಲ ಮೇಲಿನ ಮಗುವನ್ನು ಕೆಳಗಿಳಿಸಿ ಇತ್ತ ತಿರುಗಿದ. ಎಷ್ಟೋ ವರ್ಷಗಳ ಮೇಲೆ ಹಾಡುವ ಸುಖ ಎದೆಯಲ್ಲಿ ಎದ್ದಿತು. ಇನ್ನು ಏರುವ ಸಾಲು. ಕಣ್ಣು ಮುಚ್ಚಿಕೊಂಡೆ, ಉಸಿರು ತುಂಬಿಕೊಂಡೆ, ಕೈ ಕಿವಿಗೆ ಹೋಯಿತು.

ಹಾಲ್ ತುಂಬ ನನ್ನ ದನಿ ತುಂಬಿತು. ಎಳೆಯದು, ತೆಳ್ಳಗೆ ಮೇಲೆ ಮೇಲೆ ಹೋಗುತ್ತಿದ್ದ ದನಿ, ಎಲ್ಲೂ ಒಡಕಿಲ್ಲ. ನಂಬುತ್ತೀರೋ ಇಲ್ಲವೋ, ಅರೆಗಳಿಗೆ ನನಗೆ ಅದು ನನ್ನ ಗಂಟಲಿನಿಂದಲೇ ಬರುತ್ತಿದೆ ಎನಿಸಿತು. ಹೋದದ್ದು ತಿರುಗಿ ಬಂತು, ದೇವರು ಕಣ್ಣು ಬಿಟ್ಟ ಎಂದುಕೊಂಡೆ. ಆಮೇಲೆ ನನ್ನ ನಿಜವಾದ ದನಿ ಅದರ ಕೆಳಗೆ ಗೊಗ್ಗರಾಗಿ ತಡವರಿಸುತ್ತಿರುವುದು ಕೇಳಿಸಿತು. ಬಾಯಿ ತಾನೇ ನಿಂತಿತು.

ಕಣ್ಣು ತೆರೆದೆ. ದೂರದಲ್ಲಿ ಸೌಂಡಿನವನು ನನ್ನ ಕೈಯನ್ನೇ ನೋಡುತ್ತ ಕೂತಿದ್ದ. ಗಾಬರಿಗೆ ಮರಗಟ್ಟಿದ ಕೈ ಇನ್ನೂ ಕಿವಿಯ ಮೇಲೇ ಇತ್ತು. ಅದು ಇಳಿಯುವ ತನಕ ಅವನು ನಿಲ್ಲಿಸುವವನಲ್ಲ, ಮೂರು ವರ್ಷದ ಕರಾರು. ಮಾಸ್ತರರು ಪಟ್ಟಿ ಬದಲಿಸಲಿಲ್ಲ. ಎರಡೂ ಕೈಯನ್ನು ಪೇಟಿಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ನನ್ನ ಮುಖ ನೋಡಿದರು.

ಬಾಯಿ ಆಡಿಸಿಬಿಟ್ಟರೆ ಮುಗಿಯಿತು. ಪೇಟಿಯವರು ತಪ್ಪಿದರು, ಗಾಯಕಿ ಉಳಿಸಿಕೊಂಡಳು ಎಂದೇ ಜನ ತಿಳಿಯುತ್ತಾರೆ. ಮುಂದಿನ ವಾರ್ಷಿಕೋತ್ಸವ ಉಳಿಯುತ್ತದೆ, ಸಾಹೇಬರು ಉಳಿಯುತ್ತಾರೆ, ಮುಂದಿನ ಸಾಲಿನ ಹಸಿರು ಸೀರೆಯ ಮುಂದೆ ನನ್ನ ಮಾನ ಉಳಿಯುತ್ತದೆ. ನಾನು ಅಂದುಕೊಳ್ಳುವ ಮೊದಲೇ ತುಟಿಗಳು ಕೆಲಸ ಶುರು ಮಾಡಿದ್ದವು. ‘ಎಣ್ಣಿ ತೀರೂದ್ರಾಗ’ ಎಂದು ಎರಡು ಪದ ಬಾಯಿ ಆಡಿಸಿಯೂ ಬಿಟ್ಟೆ, ಅದೂ ಚೊಕ್ಕವಾಗಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ. ನನಗೆ ನನ್ನ ಮೇಲೇ ಹೇಸಿಗೆ ಹುಟ್ಟಿತು.

ಕೈ ಇಳಿಸಿದೆ.

ದನಿ ನಡುವೆಯೇ ಕಡಿದುಹೋಯಿತು. ಆಡುತ್ತಿದ್ದ ನನ್ನ ತುಟಿ ಮಾತ್ರ ಉಳಿಯಿತು, ಎಲ್ಲರೂ ನೋಡಿದರು. ಆಮೇಲೆ ಮಧ್ಯದಿಂದ ಒಬ್ಬ, “ಅರೆ, ಸಿಡಿ ಅಟಕ್ ಗಯಾ ರೇ!” ಎಂದ. ನಗು, ಸಿಳ್ಳೆ. ಕುರ್ಚಿಗಳು ಸರಿದ ಸದ್ದು. ನಾನು ಅವ್ವನ ಕಡೆ ನೋಡಲಿಲ್ಲ. ದೀಪದ ಬತ್ತಿಯನ್ನೇ ನೋಡುತ್ತ ಕೂತೆ, ಪರದೆ ಬೀಳಲಿ ಎಂದು.

ಪರದೆ ಬೀಳಲಿಲ್ಲ. ಬದಿಯಲ್ಲಿ ಹಗ್ಗ ಹಿಡಿದವರಿಗೆ ಮಾಸ್ತರರು ಬೆರಳೆತ್ತಿ ಬೇಡ ಎಂದಿದ್ದರು. ಕಂಪನಿಯಲ್ಲಿ ಹಾಡು ಕೆಟ್ಟರೆ ಪರದೆ ಇಳಿಸುವುದಿಲ್ಲ. ಮೊದಲ ಸಾಲಿಗೆ ಹೋಗಬೇಕು. ಅವರು ನಿಧಾನಕ್ಕೆ ಕಾಲು ಒತ್ತಿ ಬಿಳೀ ನಾಕು ಹಿಡಿದು ಕೂತರು. ಗದ್ದಲ ಅಡಗಲಿ ಎಂದು ಕಾಯಲಿಲ್ಲ, ನನಗೆ ಸನ್ನೆಯನ್ನೂ ಮಾಡಲಿಲ್ಲ.

ಹಾಡಿದೆ. ಚೆನ್ನಾಗಿ ಹಾಡಿದೆ ಎಂದು ಹೇಳಲಾರೆ. ಏರುವ ಸಾಲಿನಲ್ಲಿ ಒಂದು ಕಡೆ ದನಿ ಒಡೆಯಿತು. ಕಿವಿಗೆ ಕೈ ಒಯ್ಯಲು ಹೆದರಿ ಎರಡೂ ಕೈಯಿಂದ ಮಣೆಯ ಅಂಚು ಹಿಡಿದುಕೊಂಡಿದ್ದೆ. ಮುಗಿಯುವ ಹೊತ್ತಿಗೆ ಮಧ್ಯದ ಸಾಲುಗಳು ಅರ್ಧ ಖಾಲಿ. ಒನ್ಸ್ ಮೋರ್ ಎಂದು ಯಾರೂ ಕೂಗಲಿಲ್ಲ. ಗೋಡೆಯ ಬದಿಯವರು ಮಾತ್ರ ಕೊನೆಯ ತನಕ ನಿಂತಿದ್ದರು.

ಒಳಗೆ ಸಾಹೇಬರು, “ಮರ್ಯಾದಿ ತಗದ್ರಿ” ಎಂದು ಹೇಳಿ ಹೊರಟುಹೋದರು. ಸೌಂಡಿನವನು ಓಡಿ ಬಂದ, ಕಣ್ಣಲ್ಲಿ ನೀರು. “ಮೇಡಮ್, ಆಪಿಚ್ ಕಾನ್ ಪಕ್ಡೇ ನಾ” ಎಂದ. ಹೌದು, ನಾನೇ ಹಿಡಿದಿದ್ದೆ. ಅವನದೇನೂ ತಪ್ಪಿಲ್ಲ ಎಂದು ಹೇಳಿ ಕಳಿಸಿದೆ. ಮಾಸ್ತರರು ಪೇಟಿಗೆ ಬಟ್ಟೆ ಮುಚ್ಚುತ್ತಿದ್ದರು. ಕಾಲಿಗೆ ಬಿದ್ದೆ.

“ಮೈಕ್ ನೋಡ್ಕೊಳ್ಳಾಂವ ಅಂದಿ” ಎಂದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಟೋದಲ್ಲಿ ಅವ್ವ ಮತ್ತು ನಾನು. ಮುಖದ ಬಣ್ಣ ಸೆರಗಿನಿಂದ ಒರೆಸಿಕೊಳ್ಳುತ್ತ, ಏನು ಸುಳ್ಳು ಹೇಳಲಿ ಎಂದು ಇನ್ನೂ ಹುಡುಕುತ್ತಿದ್ದೆ. ಯಂತ್ರ ಕೆಟ್ಟಿತು ಎನ್ನಲೇ, ಅವನು ತಪ್ಪು ಬಟನ್ ಒತ್ತಿದ ಎನ್ನಲೇ.

“ಅವ್ವಾ, ಅದು...” ಎಂದೆ.

“ಮೂರು ವರ್ಷ ಆತು” ಎಂದಳು ಅವ್ವ, ರಸ್ತೆ ನೋಡುತ್ತ. “ಶುಕ್ರವಾರ ಆರತಿಗೆ ನೀ ದನಿ ಕೂಡ್ಸಿಲ್ಲ. ದೇವರ ಮುಂದನೂ ಬಾಯಿ ಆಡಿಸ್ತಿ.”

ಅವಳ ಕಡೆ ತಿರುಗಿದೆ. “ಗೊತ್ತಿದ್ದೂ ಯಾಕ ಕೇಳ್ಲಿಲ್ಲ?”

“ಕೇಳಿದ್ರ ನೆಗಡಿ ಅಂತಿದ್ದಿ.”

ಪಕ್ಕದ ಮನೆಯವರನ್ನೆಲ್ಲ ಕರೆದು ಟಿವಿ ಮುಂದೆ ಕೂರಿಸುತ್ತಿದ್ದವಳು ಎಲ್ಲ ಗೊತ್ತಿದ್ದೇ ಕೂರಿಸುತ್ತಿದ್ದಳು. ನಾನು ಅವಳಿಂದ ಮುಚ್ಚಿಟ್ಟಿದ್ದೇನೆ ಎಂದುಕೊಂಡ ಅಷ್ಟೂ ದಿನ ಅವಳೇ ನನ್ನಿಂದ ಮುಚ್ಚಿಟ್ಟಿದ್ದಳು. ಆಟೋದಲ್ಲಿ ಗೊಳೋ ಎಂದು ಅತ್ತುಬಿಟ್ಟೆ. ಚಾಲಕ ಕನ್ನಡಿಯಲ್ಲಿ ಎರಡು ಸಲ ನೋಡಿದ.

ಬೆಳ್ಳಿ ಜಾಕೆಟ್ಟಿನ ಕೆಲಸ ಆ ವಾರದಲ್ಲೇ ಮುಗಿಯಿತು. ಮೂರು ಕಂಪನಿಯವರು ಫೋನು ಮಾಡಿ ಬೇಡ ಎಂದರು, ಉಳಿದವರು ಫೋನು ಮಾಡುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಮಾಸ್ತರರ ಮಾಳಿಗೆ ಹತ್ತಲು ಧೈರ್ಯ ಬರದೆ ಮನೆಯಲ್ಲೇ ಬಾಗಿಲು ಹಾಕಿಕೊಂಡಿದ್ದೆ. ಆಮೇಲೆ ಹತ್ತಿದೆ, ಎಷ್ಟೋ ವರ್ಷ ನಾಟಕದಲ್ಲೇ ಹಾಡಿದೆ, ಬಿಳೀ ನಾಕರಿಂದ ಮೇಲೆ ಹೋಗಲೇ ಇಲ್ಲ. ಆದರೆ ಹತ್ತುವುದಕ್ಕೆ ಮುಂಚೆ ಒಂದು ಶುಕ್ರವಾರ ಬಂತು.

ಸಂಜೆ ಅವ್ವ ದೀಪ ಹಚ್ಚಿ ಕರೆದಳು. ಹೋಗಿ ರೂಢಿಯಂತೆ ಗಂಟೆ ಎತ್ತಿಕೊಂಡೆ.

“ಗಂಟಿ ನನ್ನ ಕಡೆ ಕೊಡು” ಎಂದಳು. ಕೊಟ್ಟೆ. ಅದನ್ನು ಬಾರಿಸದೆ ಕೆಳಗಿಟ್ಟಳು.

ಆರತಿ ಹಾಡನ್ನು ಅವ್ವ ಯಾವತ್ತೂ ಎತ್ತರದಿಂದ ಹಿಡಿಯುವವಳು, ಓಣಿಯ ಕೊನೆಗೂ ಕೇಳಬೇಕು ಅವಳಿಗೆ. ಅಂದು ಬಹಳ ಕೆಳಗಿನಿಂದ ಎತ್ತಿಕೊಂಡಳು. ಅವಳ ಗಂಟಲಿಗೆ ಅಷ್ಟು ತಗ್ಗು ಹೊಂದುವುದಿಲ್ಲ. ಗೊರಗೊರ ಎಂದು ಸ್ವರ ನಿಲ್ಲದೆ ಒದ್ದಾಡುತ್ತಿತ್ತು. ಆದರೂ ಬಿಡಲಿಲ್ಲ. ಮೊದಲ ಸಾಲು ಮುಗಿಸಿ, ಎರಡನೆಯದಕ್ಕೆ ಹೋಗದೆ, ಆರತಿ ತಟ್ಟೆ ಹಿಡಿದು ನನ್ನ ಬಾಯನ್ನೇ ನೋಡುತ್ತ ನಿಂತಳು.

ನಾನು ಉಸಿರು ತೆಗೆದುಕೊಂಡೆ.